ಅಮೆರಿಕದಲ್ಲಿ ಗ್ಯಾರೇಜ್ ಹಾಕಬೇಕೆನ್ನುವವರಿಗೆ: ಶೆಡ್ಡಿನ ಲೀಸ್‌ಗೆ ಸಹಿ ಹಾಕುವ ಮೊದಲು

ನಾನು ಬಳ್ಳಾರಿಯವನು, ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ಊರಿಗೆ ಬಂದಾಗಲೆಲ್ಲ ಹೊಸಪೇಟೆ ರಸ್ತೆಯ ಗ್ಯಾರೇಜ್ ಹುಡುಗರು ಕೇಳುತ್ತಾರೆ: "ಅಣ್ಣಾ, ಅಲ್ಲಿ ಒಂದು ಶೆಡ್ ಹಿಡಿದು ಗ್ಯಾರೇಜ್ ಹಾಕಬಹುದಾ?" ಅದಿರು ಲಾರಿಗಳ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೈಗಳು ಅವು. ಅವರ ಕೆಲಸದ ಬಗ್ಗೆ ನನಗೆ ಅನುಮಾನವೇ ಇಲ್ಲ. ದುಡಿಯಲು ಅನುಮತಿ ಕೊಡುವ ಕಾಗದಪತ್ರ ನಿಮ್ಮ ಹತ್ತಿರ ಇದೆ ಅಂತಲೇ ಇಟ್ಟುಕೊಂಡು, ಜಾಗದ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಜಾಗ ನೋಡಬೇಡಿ, ನಗರಸಭೆಯ ನಿಯಮ ನೋಡಿ. ಹೆಚ್ಚಿನ ಊರುಗಳಲ್ಲಿ ಯಾವ ಬೀದಿಯಲ್ಲಿ ಯಾವ ವ್ಯಾಪಾರ ಅಂತ ಝೋನಿಂಗ್ ಇರುತ್ತದೆ. ಗೋಡೌನ್‌ಗೆ ಒಪ್ಪಿಗೆ ಇರುವ ಶೆಡ್ಡಿನಲ್ಲಿ ಗಾಡಿ ರಿಪೇರಿಗೆ ಒಪ್ಪಿಗೆ ಇಲ್ಲದೆ ಇರಬಹುದು. "ಹಿಂದೆ ಇಲ್ಲಿ ಗ್ಯಾರೇಜೇ ಇತ್ತು" ಅಂತ ಬ್ರೋಕರ್ ಹೇಳಿದರೆ ಸಾಲದು. ಆ ವಿಳಾಸ, ಆ ಯೂನಿಟ್ ನಂಬರ್ ಬರೆದು ಝೋನಿಂಗ್ ಕಚೇರಿಗೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಹ್ಯೂಸ್ಟನ್‌ನಲ್ಲಿ ಝೋನಿಂಗ್ ಇಲ್ಲ, ಆದರೆ ಜಮೀನಿನ ಪತ್ರದಲ್ಲೇ ನಿರ್ಬಂಧ ಇರಬಹುದು. ಗ್ಯಾರೇಜ್ ನಡೆಸಲು ಆಕ್ಯುಪೆನ್ಸಿ ಸರ್ಟಿಫಿಕೇಟ್ (ಆ ಕಟ್ಟಡವನ್ನು ಆ ಕೆಲಸಕ್ಕೆ ಬಳಸಬಹುದು ಅನ್ನುವ ಪತ್ರ) ಸಿಗದಿದ್ದರೆ ಲೀಸ್ ರದ್ದು, ಡಿಪಾಸಿಟ್ ವಾಪಸ್ ಅಂತ ಒಂದು ಸಾಲು ಬರೆಸಿಕೊಳ್ಳಿ. ಮಾಲೀಕ ಇದಕ್ಕೆ ಒಪ್ಪದಿದ್ದರೆ, ನನ್ನ ಮಾತು ಕೇಳಿ, ಆ ಜಾಗ ಬಿಟ್ಟುಬಿಡಿ.

ಆಮೇಲೆ ಬಾಡಿಗೆ. ಅಲ್ಲಿ ರೇಟ್ ಹೇಳೋದು ಚದರ ಅಡಿಗೆ, ಅದೂ ವರ್ಷಕ್ಕೆ. ಉದಾಹರಣೆಗೆ 2,000 ಚದರ ಅಡಿ, ಅಡಿಗೆ 15 ಡಾಲರ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 30,000, ತಿಂಗಳಿಗೆ 2,500. ಇಷ್ಟೇ ಅಲ್ವಾ ಅಂದುಕೊಳ್ಳಬೇಡಿ. ಪಕ್ಕದಲ್ಲಿ 'ಟ್ರಿಪಲ್ ನೆಟ್' ಅಂತ ಇದ್ದರೆ ಆಸ್ತಿ ತೆರಿಗೆ, ಕಟ್ಟಡದ ವಿಮೆ, ಅಂಗಳದ ನಿರ್ವಹಣೆ ಎಲ್ಲದರ ಪಾಲು ನಿಮ್ಮ ತಲೆಗೆ. ಅದು ಅಡಿಗೆ 5 ಡಾಲರ್ ಆದರೆ ತಿಂಗಳಿಗೆ ಇನ್ನೂ 833 ಡಾಲರ್ ಜಾಸ್ತಿ. ವರ್ಷದ ಕೊನೆಯಲ್ಲಿ ಲೆಕ್ಕ ಸರಿಹೊಂದಿಸಿ ಮತ್ತೊಂದು ಬಿಲ್ ಬರಬಹುದು. ಹಿಂದಿನ ಎರಡು ಮೂರು ವರ್ಷದ ಬಿಲ್ ತೋರಿಸಿ ಅಂತ ಮೊದಲೇ ಕೇಳಿ. ಎಸಿ, ಶಟರ್ ಕೆಟ್ಟರೆ ದುರಸ್ತಿ ಯಾರದು ಅನ್ನೋದನ್ನೂ ಓದಿ.

ನಮ್ಮಲ್ಲಿ ಅಡ್ವಾನ್ಸ್ ಕೊಟ್ಟು 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡರೆ ಬೀಗದ ಕೈ ಕೈಗೆ ಬಂತು. ಅಲ್ಲಿ 3ರಿಂದ 5 ವರ್ಷ ಕೇಳೋದು ಮಾಮೂಲು. ಹೊಸ ಕಂಪನಿಯ ಹೆಸರಲ್ಲಿ ಲೀಸ್ ಮಾಡಿದರೂ ಮಾಲೀಕರು ನಿಮ್ಮ ಸ್ವಂತ ಜಾಮೀನು ಕೇಳುತ್ತಾರೆ. ಅಂದರೆ ವ್ಯಾಪಾರ ನಿಂತರೆ ನಿಮ್ಮ ಉಳಿತಾಯಕ್ಕೇ ಕೈ ಹಾಕಬಹುದು. ಜಾಮೀನು ಬೇಡವೇ ಬೇಡ ಅಂದರೆ ಬಹುಶಃ ಜಾಗ ಸಿಗಲ್ಲ. ಒಂದು ವರ್ಷದ ಬಾಡಿಗೆಗೆ ಸೀಮಿತ ಮಾಡಿ ಅಂತ ಕೇಳಿ ನೋಡಿ, ಕೇಳೋದರಲ್ಲಿ ತಪ್ಪಿಲ್ಲ.

ಶೆಡ್ ನೋಡಲು ಹೋದಾಗ ಟೇಪ್ ತಗೊಂಡು ಹೋಗಿ. ಗಾಡಿ ಎತ್ತುವ ಎರಡು ಕಂಬದ ಲಿಫ್ಟಿಗೆ ಸುಮಾರು 12 ಅಡಿ ಎತ್ತರ ಬೇಕು. ದೀಪ, ಪೈಪು, ತೆರೆದ ಶಟರ್ ಅಡ್ಡ ಬರುತ್ತವಾ ಅಂತ ಅಳೆಯಿರಿ. ಕಾಂಕ್ರೀಟ್ ನೆಲ ಸಾಮಾನ್ಯವಾಗಿ ಕನಿಷ್ಠ 4 ಇಂಚು ದಪ್ಪ ಇರಬೇಕು. ತ್ರೀ ಫೇಸ್ ಕರೆಂಟ್ ಇದೆಯಾ ಕೇಳಿ. ನೆಲದಲ್ಲಿ ಚರಂಡಿ ಕಿಂಡಿ ಕಂಡರೆ ಖುಷಿಪಡಬೇಡಿ, ಅದರ ನೀರು ಎಲ್ಲಿಗೆ ಹೋಗುತ್ತೆ ಅಂತ ವಿಚಾರಿಸಿ. ಗ್ಯಾರೇಜಿನ ಕೊಳೆ ನೀರನ್ನು ಸೆಪ್ಟಿಕ್‌ಗೋ ಇಂಗುಗುಂಡಿಗೋ ಬಿಡುವ ಹೊಸ ವ್ಯವಸ್ಥೆಗೆ 2000ದ ಏಪ್ರಿಲ್‌ನಿಂದ ಅಮೆರಿಕದಲ್ಲೆಲ್ಲ ನಿಷೇಧ ಇದೆ. ಹಳೆಯ ಎಣ್ಣೆ ಕಲೆಗಳ ಫೋಟೋ ತೆಗೆದು, ತಾರೀಖು ಸಮೇತ ಲೀಸ್‌ಗೆ ಲಗತ್ತಿಸಿ. ಇಲ್ಲದಿದ್ದರೆ ಖಾಲಿ ಮಾಡುವಾಗ ಆ ಕಲೆಯೂ ನಿಮ್ಮ ಲೆಕ್ಕಕ್ಕೇ.

ಇನ್ನು ಗಾಡಿ ನಿಲ್ಲಿಸೋದು. ನಮ್ಮ ಕಡೆ ರಿಪೇರಿಗೆ ಬಂದ ಲಾರಿ ರಸ್ತೆ ಪಕ್ಕದಲ್ಲೇ ವಾರಗಟ್ಟಲೆ ನಿಲ್ಲುತ್ತೆ. ಅಲ್ಲಿ ರಾತ್ರಿ ಹೊರಗೆ ಗಾಡಿ ಬಿಡಬಾರದು ಅಂತ ಎಷ್ಟೋ ಲೀಸ್‌ಗಳಲ್ಲಿ ಬರೆದಿರುತ್ತದೆ. ನಿಮಗೆ ಎಷ್ಟು ಗಾಡಿಯ ಜಾಗ ಅಂತ ಸಂಖ್ಯೆಯಲ್ಲೇ ಬರೆಸಿ.

ಟೆಕ್ಸಾಸ್‌ಗೆ ಬರುವವರಿಗೆ ಇನ್ನೊಂದು ಮಾತು. 2025ರ ಜನವರಿಯಿಂದ ಅಲ್ಲಿ ಸ್ವಂತ ಕಾರುಗಳಿಗೆ ಗ್ಯಾರೇಜ್‌ಗಳು ಮಾಡುತ್ತಿದ್ದ ವಾರ್ಷಿಕ ಸುರಕ್ಷತಾ ತಪಾಸಣೆ ನಿಂತಿದೆ. ಹೊಗೆ ತಪಾಸಣೆ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಮಾತ್ರ ಉಳಿದಿದೆ. ತಪಾಸಣೆಯ ಆದಾಯದಿಂದಲೇ ಬಾಡಿಗೆ ಹುಟ್ಟುತ್ತೆ ಅಂತ ಯಾರಾದರೂ ಹಳೆಯ ಲೆಕ್ಕ ತೋರಿಸಿದರೆ, ಹೊಸ ಲೆಕ್ಕ ಕೇಳಿ. ಎಲ್ಲ ಒಪ್ಪಿಗೆಯಾದ ಮೇಲೂ ಲೀಸನ್ನು ಅಲ್ಲಿನ ವಕೀಲರಿಗೆ ಓದಿಸಿ, ಆಮೇಲೆ ಪೆನ್ ಹಿಡಿಯಿರಿ.