ಗಾಜಿನ ಹೂದಾನಿಯ ವಯಸ್ಸು ತಿಳಿಯಬೇಕೆ? ಬುಡ ನೋಡಿ

ಪರಿಚಯದವರೊಬ್ಬರು ಅಜ್ಜಿಯ ಕಾಲದ ಕೆಂಪು ಹೂದಾನಿಯನ್ನು ನನಗೆ ತೋರಿಸಲು ತಂದಿದ್ದರು. ಹೊರಡುವ ಮೊದಲು ಪಾತ್ರೆ ಬೆಳಗುವ ಪುಡಿ ಹಾಕಿ ಅದರ ತಳವನ್ನು ಚೆನ್ನಾಗಿ ತಿಕ್ಕಿದ್ದರು. ಆ ತಳದ ಮಸುಕೇ ಹೂದಾನಿಯ ಜಾತಕವಾಗಿತ್ತು. ಇಂಥದ್ದನ್ನು ಹಲವು ಸಲ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

1. ತೊಳೆಯುವುದು: ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆಯ ಬಟ್ಟೆ. ಚಿನ್ನದ ಗೆರೆಗಳಿದ್ದರೆ ಒತ್ತಿ ಉಜ್ಜಬೇಡಿ. ಬಚ್ಚಲು ತೊಳೆಯುವ ಆ್ಯಸಿಡ್ ಹತ್ತಿರವೂ ಸುಳಿಯಬಾರದು.

2. ಬುಡ ಓದುವುದು: ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇರಲೇಬೇಕು, ಮೊಬೈಲ್ ಕ್ಯಾಮೆರಾ ಸಾಲದು. ಹೂದಾನಿಯನ್ನು ಕನ್ನಡಿಯ ಮೇಲೆ ನಿಲ್ಲಿಸಿ, ತೆಳು ಕಾಗದವನ್ನು ಅಡಿಗೆ ತೂರಿಸುತ್ತಾ ಸುತ್ತು ಬನ್ನಿ. ಕಾಗದ ತಡೆಯುವ ಕಡೆ ಮಾತ್ರ ಗಾಜು ನೆಲ ಮುಟ್ಟುತ್ತದೆ, ಸವೆತ ಇರಬೇಕಾದದ್ದೂ ಅಲ್ಲೇ. ಬೀರು, ಮೇಜುಗಳ ಮೇಲೆ ದಶಕಗಳ ಕಾಲ ಸರಿದಾಡಿದ ಗಾಜಿನ ಗೀರುಗಳು ಉದ್ದ, ಗಿಡ್ಡ, ಆಳ, ಮೇಲುಮೇಲು ಎಂದು ಬಗೆಬಗೆಯಾಗಿದ್ದು, ಒಂದರ ಮೇಲೊಂದು ಅಡ್ಡಾದಿಡ್ಡಿ ಹಾಯ್ದಿರುತ್ತವೆ. ಉಪ್ಪುಕಾಗದದಲ್ಲಿ ಉಜ್ಜಿ ಹಳೆಯದಾಗಿಸಿದ ಮಾಲಿನಲ್ಲಿ ಗೀರುಗಳು ಒಂದೇ ದಿಕ್ಕಿಗೆ, ಒಂದೇ ದಪ್ಪಕ್ಕೆ ಓಡುತ್ತವೆ. ನೆಲ ತಾಗದ ತಗ್ಗಿನಲ್ಲೂ ಅವು ಕಂಡರೆ ಬೇರೆ ಸಾಕ್ಷಿ ಬೇಡ, ವಾಪಸ್ ಕೊಟ್ಟುಬಿಡಿ.

ತಳದ ನಡುವೆ ಒರಟು ಕಲೆಯೋ ಉಜ್ಜಿ ನುಣುಪಾಗಿಸಿದ ಬಟ್ಟಲಿನಂಥ ಗುಳಿಯೋ ಇದ್ದರೆ, ಊದಿದ ಗಾಜನ್ನು ಸಲಾಕೆಗೆ ಅಂಟಿಸಿ ಬಾಯಿ ತಿದ್ದಿ, ಆಮೇಲೆ ಮುರಿದು ಬಿಡಿಸಿದ ಗುರುತು ಅದು. ಕೈಕೆಲಸ ಎಂದಷ್ಟೇ ಅದರ ಅರ್ಥ. ಇಟಲಿಯ ಗಾಜಿನ ಊರಾದ ಮುರಾನೊದಲ್ಲಿ ಇವತ್ತೂ ಕೈಯಲ್ಲೇ ಊದುತ್ತಾರೆ. ಗಾಳಿಗುಳ್ಳೆ ಕಂಡ ಕೂಡಲೇ 'ನೂರು ವರ್ಷ ಹಳೆಯದು' ಎನ್ನುವವರನ್ನು ನಂಬಬೇಡಿ, ಹೊಸ ಅಗ್ಗದ ಗಾಜಿನಲ್ಲೂ ಗುಳ್ಳೆ ಧಾರಾಳ.

ತೂಗುದೀಪಕ್ಕೆ ತಳದ ಸವೆತ ಇರುವುದಿಲ್ಲ. ಲೋಹದ ಬಳೆ ಗಾಜನ್ನು ಹಿಡಿದಿದ್ದ ಅಂಚಿನಲ್ಲಿ ಹುಡುಕಿ.

3. ಗುರುತುಗಳು: ವಜ್ರಾಕಾರದ ಮುದ್ರೆ ಕಂಡರೆ ಬ್ರಿಟನ್ನಿನಲ್ಲಿ 1842ರಿಂದ 1883ರೊಳಗೆ ನೋಂದಾಯಿಸಿದ ವಿನ್ಯಾಸ. ನೆತ್ತಿಯ ವೃತ್ತದಲ್ಲಿ ರೋಮನ್ ಮೂರು ಇದ್ದರೆ ಗಾಜಿನ ವರ್ಗ. ನೋಂದಣಿಯ ವರ್ಷ ಸೂಚಿಸುವ ಅಕ್ಷರ 1867ರವರೆಗೆ ವಜ್ರದ ಮೇಲ್ತುದಿಯಲ್ಲಿ, 1868ರಿಂದ ಬಲತುದಿಯಲ್ಲಿ. 1884ರಿಂದ ವಜ್ರ ಹೋಗಿ 'ಆರ್‌ಡಿ' (Rd, ಅಂದರೆ ನೋಂದಾಯಿತ) ಅಕ್ಷರಗಳ ಜೊತೆ ಸಂಖ್ಯೆ ಬಂತು. ಇವು ವಿನ್ಯಾಸ ನೋಂದಣಿಯಾದ ದಿನ ಹೇಳುತ್ತವೆ, ನಿಮ್ಮ ಕೈಯಲ್ಲಿರುವುದು ತಯಾರಾದ ದಿನವನ್ನಲ್ಲ. 'ಚೆಕೊಸ್ಲೊವಾಕಿಯಾ' ಎಂದಿದ್ದರೆ ಆ ದೇಶ ಹುಟ್ಟಿದ 1918ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. 'ಬೊಹೀಮಿಯಾ ಕ್ರಿಸ್ಟಲ್' (ಬೊಹೀಮಿಯಾ ಎಂದರೆ ಈಗಿನ ಚೆಕ್ ದೇಶದ ಒಂದು ಭಾಗ) ಎಂಬ ಚೀಟಿ ಹೊಸ ಮಾಲಿನ ಮೇಲೂ ಇರುತ್ತದೆ.

4. ನೇರಳಾತೀತ ಟಾರ್ಚು: ಕತ್ತಲೆ ಕೋಣೆಯಲ್ಲಿ ಗಾಜು ಕಣ್ಣು ಕುಕ್ಕುವ ಹಸಿರಾಗಿ ಬೆಳಗಿದರೆ ಯುರೇನಿಯಂ ಇದೆ. ಬೊಹೀಮಿಯಾದ ರೀಡೆಲ್ ಮನೆತನ 1830ರ ದಶಕದಲ್ಲಿ ಈ ಬಣ್ಣಕ್ಕೆ ಹೆಸರು ತಂದಿತು. ಮಂಕು ಹಸಿರಾದರೆ ಮ್ಯಾಂಗನೀಸ್ ಇರಬಹುದು. 365 ನ್ಯಾನೋಮೀಟರಿನ ಟಾರ್ಚನ್ನೇ ಕೊಳ್ಳಿ. ಅಗ್ಗದವು ಚೆಲ್ಲುವ ನೇರಳೆ ಬೆಳಕಿನಲ್ಲಿ ಮಂಕು ಹೊಳಪು ಮುಚ್ಚಿಹೋಗುತ್ತದೆ. ಯುರೇನಿಯಂ ಗಾಜು ಈಗಲೂ ತಯಾರಾಗುತ್ತಿರುವುದರಿಂದ, ಹಸಿರು ಕಂಡರೂ ಎರಡನೇ ಹಂತಕ್ಕೆ ಹಿಂತಿರುಗಿ.

5. ಊರು ಹೇಳುವುದು: ನಮ್ಮ ಹಳೆ ಸಾಮಾನಿನ ಅಂಗಡಿಗಳಲ್ಲಿ ಬಣ್ಣದ ಗಾಜೆಲ್ಲ 'ಬೆಲ್ಜಿಯಂ'. 1826ರಲ್ಲಿ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್‌ನಂಥ ದೊಡ್ಡ ಕಾರ್ಖಾನೆ ಅಲ್ಲಿದ್ದದ್ದು ನಿಜ. ಆದರೆ ಭಾರತದ ಅರಮನೆಗಳಿಗೆ ದೀಪಗುಚ್ಛ ಮಾರಿದ ಆಸ್ಲರ್ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. ಬಣ್ಣವಿಲ್ಲದ ಪಾರದರ್ಶಕ ಗಾಜಿನ ಮೇಲೆ ಕೆಂಪು ಪದರ ಹಚ್ಚಿ, ಅದನ್ನು ಕೊರೆದು ಜಿಂಕೆ, ಕಾಡು ಮೂಡಿಸಿದ್ದರೆ ಮೊದಲು ಬೊಹೀಮಿಯಾ ಕಡೆ ಹುಡುಕಿ. ಮುದ್ರೆ ಸಿಗದಿದ್ದರೆ ಚೀಟಿಯಲ್ಲಿ 'ಬೊಹೀಮಿಯಾ ಶೈಲಿ' ಎಂದಷ್ಟೇ ಬರೆದಿಡಿ.