ಊರಿನ ಟಿಕೆಟ್ ನಾನು ಯಾವಾಗ ಬುಕ್ ಮಾಡುತ್ತೇನೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಟಿಕೆಟ್ ಯಾವಾಗ ತಗೊಂಡರೆ ಅಗ್ಗ ಅಂತ ಇಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮಕ್ಕಳು ಶಾಲೆಗೆ ಹೋಗ್ತಾರಾ ಅಂತ. ಉತ್ತರ ಅರ್ಧ ಅಲ್ಲೇ ಸಿಗುತ್ತದೆ. ಮಂಗಳವಾರ ರಾತ್ರಿ ಬುಕ್ ಮಾಡಬೇಕು, ಬ್ರೌಸರ್ ಹಿಸ್ಟರಿ ಅಳಿಸಿ ಹುಡುಕಬೇಕು ಅನ್ನುವ ಮಾತುಗಳನ್ನು ನಾನೂ ಕೇಳಿದ್ದೇನೆ, ಮಾಡಿಯೂ ನೋಡಿದ್ದೇನೆ. ನನ್ನ ಫೋನು, ಹೆಂಡತಿಯ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟುಕೊಂಡು ಒಂದೇ ವಿಮಾನ ಹುಡುಕಿದರೆ ದರವೂ ಒಂದೇ ಬಂತು. ಬುಕ್ ಮಾಡುವುದು ಯಾವ ದಿನವಾದರೂ ಆಗಲಿ, ಹೊರಡುವುದು ಮಂಗಳವಾರ ಬುಧವಾರ ಆದರೆ ಮಾತ್ರ ಎಷ್ಟೋ ಸಲ ನಿಜಕ್ಕೂ ಉಳಿಯುತ್ತದೆ.

ದರ ಏರುವುದು ಇಳಿಯುವುದು ಹೇಗೆ ಅಂತ ಒಮ್ಮೆ ಗೊತ್ತಾದರೆ ಗಾಬರಿ ಕಡಿಮೆಯಾಗುತ್ತದೆ. ಎಕಾನಮಿಯ ಸೀಟುಗಳೆಲ್ಲ ಒಂದೇ ಥರ ಇದ್ದರೂ ಕಂಪನಿಯವರು ಅವನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ, ಒಂದೊಂದು ಗುಂಪಿಗೂ ಒಂದು ಇಂಗ್ಲಿಷ್ ಅಕ್ಷರ. ಅಗ್ಗದ ಗುಂಪು ಖಾಲಿಯಾದರೆ ಅದರ ಮೇಲಿನ ದರ ಕಾಣಿಸುತ್ತದೆ. ಯಾರಾದರೂ ಕ್ಯಾನ್ಸಲ್ ಮಾಡಿದರೆ, ಅಥವಾ ಸೀಟು ಹೋಗ್ತಾ ಇಲ್ಲ ಅಂತ ಕಂಪನಿಗೆ ಅನಿಸಿದರೆ, ಅಗ್ಗದ್ದು ಮತ್ತೆ ತೆರೆಯಬಹುದು. ನಿನ್ನೆ ಇದ್ದ ದರ ಇವತ್ತು ಇಲ್ಲ, ನಾಳೆ ಮತ್ತೆ ಬಂತು ಅಂದರೆ ಬಹಳ ಸಲ ನಡೆದಿರುವುದು ಇಷ್ಟೇ.

ನಮ್ಮಂಥ ಸಂಸಾರದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಾಲ್ಕು ಜನಕ್ಕೆ ಅಂತ ಹುಡುಕಿದಾಗ ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಅದಕ್ಕೆ ನಾನು ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ನಾಲ್ವರಿಗೆ ಹುಡುಕುತ್ತೇನೆ. ವ್ಯತ್ಯಾಸ ದೊಡ್ಡದಿದ್ದರೆ ಎರಡು ಬುಕಿಂಗ್ ಮಾಡುತ್ತೇನೆ, ಒಂದೊಂದರಲ್ಲೂ ದೊಡ್ಡವರೊಬ್ಬರು, ಮಗು ಒಂದು. ಆಮೇಲೆ ಫೋನ್ ಮಾಡಿ ಎರಡೂ ಒಂದೇ ಮನೆಯವರದ್ದು ಅಂತ ನಮೂದಿಸಲು ಹೇಳಿದರೆ, ವಿಮಾನ ಬದಲಾದಾಗ ನಮ್ಮನ್ನು ಬೇರೆ ಬೇರೆ ಮಾಡುವ ಭಯ ಸ್ವಲ್ಪ ಕಡಿಮೆ. ಮಡಿಲಲ್ಲೇ ಕೂರಿಸಿಕೊಂಡು ಹೋಗುವ ಮಗುವಿಗೆ ಎರಡು ವರ್ಷ ತುಂಬುವ ಹೊತ್ತಾಗಿದ್ದರೆ ಹುಟ್ಟುಹಬ್ಬದ ತಾರೀಖು ನೋಡಿಕೊಳ್ಳಿ. ಊರಲ್ಲಿದ್ದಾಗ ಎರಡು ತುಂಬಿದರೆ ವಾಪಸ್ ಬರುವಾಗ ಅದಕ್ಕೆ ಸೀಟು ಬೇಕೇ ಬೇಕು.

ಈಗ ಮುಖ್ಯ ವಿಷಯ. ಇಲ್ಲಿಯ ಶಾಲೆಗಳು ಸುಮಾರಾಗಿ ಜೂನ್ ಮೊದಲ ವಾರ ಮುಗಿದು ಆಗಸ್ಟ್ ಮಧ್ಯದಲ್ಲಿ ಶುರುವಾಗುತ್ತವೆ. ಆದ್ದರಿಂದ ಜೂನ್ ಮೊದಲಲ್ಲಿ ಹೋಗುವ ಸೀಟು, ಆಗಸ್ಟ್ ಮೊದಲಲ್ಲಿ ಬರುವ ಸೀಟು ಎಲ್ಲರಿಗೂ ಬೇಕು. ಡಿಸೆಂಬರ್‌ನಲ್ಲೂ ಹಾಗೇ, 15ರಿಂದ ಕ್ರಿಸ್‌ಮಸ್‌ವರೆಗೆ ಹೋಗುವುದು, ಜನವರಿ ಮೊದಲ ವಾರ ಬರುವುದು. ಈ ದಿನಗಳಿಗೆ ಕೊನೇ ಗಳಿಗೆಯಲ್ಲಿ ಇಳಿಯುತ್ತದೆ ಅಂತ ಕಾಯುವುದು ಬೇಡ. ಕಂಪನಿಗೂ ಗೊತ್ತು ನಾವು ಹೋಗೇ ಹೋಗ್ತೀವಿ ಅಂತ. ಡಿಸೆಂಬರ್ ಪ್ರಯಾಣಕ್ಕೆ ನಾನು ಯುಗಾದಿ ಕಳೆದ ಮೇಲೆ ದರ ನೋಡಲು ಶುರು ಮಾಡಿ ಗಣೇಶನ ಹಬ್ಬದೊಳಗೆ ತಗೊಂಡುಬಿಡುತ್ತೇನೆ. ಬೇಸಿಗೆ ರಜೆಗೆ ಸಂಕ್ರಾಂತಿ ಹೊತ್ತಿಗೆ ಶುರು, ಶಿವರಾತ್ರಿ ಹೊತ್ತಿಗೆ ಮುಗಿಯಬೇಕು. ಹೆಚ್ಚಿನ ಕಂಪನಿಗಳು ಸುಮಾರು 11 ತಿಂಗಳು ಮೊದಲೇ ಮಾರಾಟ ಶುರು ಮಾಡುತ್ತವೆ, ಆದರೆ ತೆರೆದ ದಿನವೇ ಕೊಂಡು ನನಗೇನೂ ಲಾಭ ಕಂಡಿಲ್ಲ.

ಶಾಲೆಯ ಕಟ್ಟು ಇಲ್ಲದವರ ಕಥೆಯೇ ಬೇರೆ. ಡಿಸೆಂಬರ್ ಕೊನೆಗೆ ದುಬಾರಿ ಟಿಕೆಟ್ ಕೊಟ್ಟು ಹೋದರೆ ಊರಲ್ಲಿ ಧನುರ್ಮಾಸ, ಒಂದು ಮದುವೆಯೂ ಇರುವುದಿಲ್ಲ! ಸಂಕ್ರಾಂತಿ ಕಳೆದು ಮದುವೆ, ಉಪನಯನ ಶುರುವಾಗುವ ಜನವರಿ ಕೊನೆ, ಫೆಬ್ರವರಿಯಲ್ಲಿ ವಿಮಾನಗಳಿಗೆ ಅಷ್ಟು ಗಿರಾಕಿ ಇಲ್ಲ. ಹವಾಮಾನವೂ ಚೆನ್ನಾಗಿರುತ್ತದೆ. ಮಕ್ಕಳು ಶಾಲೆ ಸೇರುವ ಮೊದಲು ನಾವು ಹೋಗುತ್ತಿದ್ದದ್ದು ಆಗಲೇ. ಅಂಥ ತಿಂಗಳಿಗೆ ಎರಡು ಮೂರು ತಿಂಗಳು ಮೊದಲು ನೋಡಿದರೆ ಸಾಕು, ಸ್ವಲ್ಪ ಕಾಯುವ ಧೈರ್ಯವನ್ನೂ ಮಾಡಬಹುದು. ಆದರೆ ತೀರಾ ಹತ್ತಿರ ಬಿಡಬೇಡಿ. ಎಷ್ಟೋ ಅಗ್ಗದ ದರಗಳಿಗೆ 21 ದಿನ, 14 ದಿನ, 7 ದಿನ ಮೊದಲೇ ಕೊಳ್ಳಬೇಕು ಅನ್ನುವ ನಿಯಮ ಇರುತ್ತದೆ, ಆ ಗಡಿ ದಾಟಿದರೆ ವಿಮಾನದಲ್ಲಿ ಸೀಟು ಖಾಲಿ ಇದ್ದರೂ ಆ ದರ ಸಿಗುವುದಿಲ್ಲ.

ಹುಡುಕುವ ಮೊದಲೇ ನಾವಿಬ್ಬರೂ ಕೂತು ಒಂದು ಮೊತ್ತ ಬರೆದಿಟ್ಟುಕೊಳ್ಳುತ್ತೇವೆ, ಒಬ್ಬರಿಗೆ ಇಷ್ಟು ಬಂದರೆ ಕೊಳ್ಳುವುದು ಅಂತ. ಹೋದ ವರ್ಷ ಕೊಟ್ಟದ್ದು ಎಷ್ಟು, ಗೂಗಲ್ ಫ್ಲೈಟ್ಸ್ ಈ ದಿನಗಳಿಗೆ ದರ ಕಡಿಮೆ ಅಂತ ಹೇಳುತ್ತಾ ಜಾಸ್ತಿ ಅಂತ ಹೇಳುತ್ತಾ, ಇವೆರಡನ್ನು ನೋಡಿ ಆ ಮೊತ್ತ ಹಾಕುತ್ತೇವೆ. ಗೂಗಲ್ ಫ್ಲೈಟ್ಸ್‌ನಲ್ಲೇ ದರ ಬದಲಾದರೆ ಮೇಲ್ ಬರುವ ಹಾಗೆ ಮಾಡಿಟ್ಟರೆ ದಿನಾ ಕೂತು ಹುಡುಕುವ ಕೆಲಸವಿಲ್ಲ. ಮೊತ್ತ ಬಂದ ರಾತ್ರಿಯೇ ಕೊಳ್ಳುವುದು. ಇನ್ನೂ ಐವತ್ತು ಡಾಲರ್ ಇಳಿಯುತ್ತಾ ಅಂತ ಕಾಯುವುದಿಲ್ಲ, ನಾಲ್ಕು ಟಿಕೆಟ್‌ಗೆ ಏರಿದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

ಹಾಗೆ ತಕ್ಷಣ ಕೊಳ್ಳಲು ಧೈರ್ಯ ಕೊಡುವುದು ಅಮೆರಿಕದ ಒಂದು ನಿಯಮ. ಪ್ರಯಾಣಕ್ಕೆ 7 ದಿನ ಅಥವಾ ಅದಕ್ಕಿಂತ ಮೊದಲು ವಿಮಾನ ಕಂಪನಿಯಿಂದಲೇ ನೇರವಾಗಿ ಕೊಂಡಿದ್ದರೆ, 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ವಾಪಸ್ ಪಡೆಯಬಹುದು. ಕೆಲವು ಕಂಪನಿಗಳು ಹಾಗೆ ಮಾಡುವ ಬದಲು ಹಣ ಕಟ್ಟಿಸಿಕೊಳ್ಳದೆ 24 ಗಂಟೆ ಆ ದರವನ್ನೇ ಹಿಡಿದಿಡಬಹುದು, ಅದನ್ನು ಮೊದಲೇ ನೋಡಿಕೊಳ್ಳಿ. ರಾತ್ರಿ ಕೊಂಡು ಬೆಳಿಗ್ಗೆ ಆಫೀಸಿನಲ್ಲಿ ರಜೆ ಕೇಳುತ್ತೇನೆ, ಊರಿಗೆ ಫೋನ್ ಮಾಡಿ ತಾರೀಖು ಸರಿಯಿದೆಯಾ ಅಂತ ಅಮ್ಮನನ್ನು ಕೇಳುತ್ತೇನೆ. ವೀಸಾ ಸ್ಟಾಂಪಿಂಗ್, ಅಂದರೆ ವಾಪಸ್ ಬರಲು ಪಾಸ್‌ಪೋರ್ಟ್‌ನಲ್ಲಿ ಹೊಸ ವೀಸಾ ಹಾಕಿಸುವುದು, ಬಾಕಿ ಇರುವವರು ಮಾತ್ರ ತಾರೀಖು ಬದಲಿಸಲು ಬರುವ ಟಿಕೆಟ್ಟನ್ನೇ ತಗೊಳ್ಳಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ನೇರವಾಗಿ ಕೊಳ್ಳಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಮ್ಮೆ ಅಪ್ಪ ಅಮ್ಮ ಬರುವಾಗ ಏಜೆಂಟ್ ಸೈಟೊಂದರಿಂದ ತೆಗೆದ ಟಿಕೆಟ್‌ನಲ್ಲಿ ಮೊದಲ ವಿಮಾನದ ಸಮಯ ಬದಲಾಗಿ ಕನೆಕ್ಷನ್ ತಪ್ಪುವ ಹಾಗಾಯಿತು. ಕಂಪನಿಯವರು ಏಜೆಂಟರನ್ನು ಕೇಳಿ ಅಂದರು, ಏಜೆಂಟರು ಕಂಪನಿಯನ್ನು ಕೇಳಿ ಅಂದರು. ಕೊನೆಗೆ ಸರಿಹೋಯಿತು, ಆದರೆ ಆ ವಯಸ್ಸಿನಲ್ಲಿ ಅವರಿಗೆ ಅಷ್ಟು ಆತಂಕ ಬೇಕಿರಲಿಲ್ಲ. ಹಿರಿಯರ ಟಿಕೆಟ್‌ನಲ್ಲಿ ನಾನು ಈಗ ದರದ ಹಿಂದೆ ಬೀಳುವುದಿಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಎಲ್ಲಿ ಇಳಿದರೂ ಒಂದೇ ಕನೆಕ್ಷನ್ ಇರಬೇಕು, ಮಧ್ಯೆ ಮೂರು ಗಂಟೆಯಾದರೂ ಬಿಡುವಿರಬೇಕು, ವೀಲ್‌ಚೇರ್ ಬುಕ್ ಆಗಿರಬೇಕು.

ಬೆಂಗಳೂರಿನಿಂದ ಮುಂದೆ ನಮ್ಮ ಊರಿನ ಕಡೆ ಶಿವಮೊಗ್ಗಕ್ಕೂ ವಿಮಾನ ಇದೆ, ಆದರೆ ಬೇರೆ ಟಿಕೆಟ್ ತಗೊಂಡರೆ ಇಲ್ಲಿಂದ ತಂದ 23 ಕೆಜಿಯ ಪೆಟ್ಟಿಗೆಗಳಿಗೆ ಅಲ್ಲಿ ಸಾಮಾನ್ಯವಾಗಿ ಸಿಗುವ 15 ಕೆಜಿ ಸಾಲುವುದಿಲ್ಲ. ನಾವು ಕಾರು ಮಾಡಿಕೊಂಡು ಹೋಗುತ್ತೇವೆ.

ಈ ಲೆಕ್ಕ ಯಾವುದೂ ನಡೆಯದ ಪ್ರಯಾಣ ಒಂದಿದೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದಾಗ ಹೊರಡುವುದು. ಅದಕ್ಕಾಗಿಯೇ ಕ್ರೆಡಿಟ್ ಕಾರ್ಡ್ ಮತ್ತು ಪ್ರಯಾಣದಿಂದ ಬಂದ, ಹಣದ ಬದಲು ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್‌ಗಳನ್ನು ನಾನು ರಜೆಯ ಟಿಕೆಟ್‌ಗೆ ಮುಟ್ಟುವುದಿಲ್ಲ. ಒಂದಕ್ಕಿಂತ ಹೆಚ್ಚು ವಿಮಾನ ಕಂಪನಿಗೆ ವರ್ಗಾಯಿಸಲು ಬರುವ ಪಾಯಿಂಟ್ ಆದರೆ ಒಳ್ಳೆಯದು, ನಾಳೆಯೇ ಹೊರಡಬೇಕು ಅಂದಾಗ ಯಾರ ಹತ್ತಿರ ಸೀಟು ಇದೆಯೋ ಅಲ್ಲಿಗೆ ಹಾಕಬಹುದು. ಬೆಂಗಳೂರಿಗೆ ಒಬ್ಬರು ಹೋಗುವಷ್ಟು ಯಾವಾಗಲೂ ಉಳಿಸಿಟ್ಟಿರುತ್ತೇವೆ, ಲಾಗಿನ್ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿದೆ, ಮಕ್ಕಳ ಒಸಿಐ ಕಾರ್ಡ್‌ಗಳು (ಬೇರೆ ದೇಶದ ಪೌರರಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಭಾರತಕ್ಕೆ ಹೋಗಲು ಇರುವ ಕಾರ್ಡ್) ಪಾಸ್‌ಪೋರ್ಟ್ ಜೊತೆಯಲ್ಲೇ ಇವೆ.