ಗಾಜು, ತಾಮ್ರದಲ್ಲಿ ಏರೋಪ್ಲೇನ್ ಚಿಟ್ಟೆ

ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಿ ಕಾಣುವುದು ಎರಡೇ: ತೆಳುವಾದ ಪಾರದರ್ಶಕ ಪೊರೆ, ಅದನ್ನು ಹಿಡಿದಿಟ್ಟ ನರಗಳ ಬಲೆ. ಪೊರೆಗೆ ಗಾಜು, ನರಕ್ಕೆ ತಾಮ್ರ ಮತ್ತು ಬೆಸುಗೆ ಬಳಸಿದರೆ ಶಿಲ್ಪದ ಅರ್ಧ ವಿನ್ಯಾಸ ಮುಗಿದಂತೆ. ಗಾಜಿನ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಬೆಸೆಯುವ ಇದೇ ವಿಧಾನದಲ್ಲಿ, ನ್ಯೂಯಾರ್ಕಿನ ಟಿಫನಿ ಸ್ಟುಡಿಯೊದ ಕ್ಲಾರಾ ಡ್ರಿಸ್ಕಾಲ್ 1900ರ ಆಸುಪಾಸಿನಲ್ಲಿ ಈ ಕೀಟವಿರುವ ದೀಪದ ಛತ್ರಿಗಳನ್ನು ರೂಪಿಸಿದ್ದರು. ಅಲ್ಲಿ ಕೀಟ ಅಲಂಕಾರವಾಗಿತ್ತು. ಇಲ್ಲಿ ರೆಕ್ಕೆ ಗಾಳಿಯಲ್ಲಿ ಚಾಚಿಕೊಂಡು ತನ್ನ ಭಾರವನ್ನು ತಾನೇ ಹೊರಬೇಕು. ಹಾಗಾಗಿ ನರಗಳನ್ನು ಬರೀ ಚಂದಕ್ಕೆಂದು ಎಳೆಯುವಂತಿಲ್ಲ.

ಬೇಕಾದದ್ದು: ಫೋಟೊ ಫ್ರೇಮ್ ಅಂಗಡಿಯ 2 ಮಿ.ಮೀ. ಗಾಜು, ಕಂದು ಗಾಜಿನ ಒಂದು ಚೂರು, 4 ಮಿ.ಮೀ. ಅಗಲದ ತಾಮ್ರದ ಫಾಯಿಲ್ ಟೇಪ್, ಅರ್ಥಿಂಗ್‌ಗೆ ಬಳಸುವ 14 ಗೇಜ್ ತಾಮ್ರದ ತಂತಿ, ಒಳಗೆ ರಾಳವಿಲ್ಲದ 60:40 (ತವರ, ಸೀಸದ) ಸೋಲ್ಡರ್, ಬೆಸುಗೆ ಲೋಹಕ್ಕೆ ಹಿಡಿಯಲೆಂದು ಹಚ್ಚುವ ಜಿಂಕ್ ಕ್ಲೋರೈಡ್ ಫ್ಲಕ್ಸ್, 100 ವಾಟ್ ಸೋಲ್ಡರಿಂಗ್ ಐರನ್. ಏ.ಸಿ. ಬಿಡಿಭಾಗಗಳ ಅಂಗಡಿಯಿಂದ ಎದೆಗೆ 22 ಮಿ.ಮೀ. ವ್ಯಾಸದ, 6 ಸೆಂ.ಮೀ. ಉದ್ದದ ತಾಮ್ರದ ಪೈಪು, ಹೊಟ್ಟೆಗೆ ಕಾಲಿಂಚಿನ ಪೈಪು 17 ಸೆಂ.ಮೀ. ತನ್ನಿ.

ಮೊದಲು ನಕ್ಷೆ. ಮುಂದಿನ ರೆಕ್ಕೆ 20 ಸೆಂ.ಮೀ. ಉದ್ದ, 4.5 ಅಗಲ, ಹಿಂದಿನದು ತುಸು ಗಿಡ್ಡ, ಬುಡದಲ್ಲಿ 6 ಸೆಂ.ಮೀ. ಅಗಲ. ನಿಜವಾದ ರೆಕ್ಕೆಯಲ್ಲಿ ನರಗಳ ನಡುವೆ ನೂರಾರು ಕೋಶಗಳು, ಅಂದರೆ ಪೊರೆಯ ಕಿರುಕಿಂಡಿಗಳು, ಇರುತ್ತವೆ. ನಮಗೆ ರೆಕ್ಕೆಗೆ 14–16 ಸಾಕು. ಮುಂಚೂಣಿ ಅಂಚಿನಲ್ಲಿ ಚೌಕ ಕೋಶಗಳು, ಹಿಂದಕ್ಕೆ ಹೋದಂತೆ ಐದಾರು ಮೂಲೆಯವು. ಒಂದು ಬಿಂದುವಿನಲ್ಲಿ ಮೂರೇ ಗೆರೆ ಕೂಡಲಿ. ಯಾವ ಗೆರೆಯೂ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯಬಾರದು; ಹಾಯ್ದರೆ ರೆಕ್ಕೆ ಅಲ್ಲೇ ಕಬ್ಜದಂತೆ ಮಡಚಿಕೊಳ್ಳುತ್ತದೆ. ತುದಿಯ ಹತ್ತಿರ ಮುಂಚೂಣಿ ಅಂಚಿಗೆ ಕಂದು ಚೂರನ್ನು ಇಡಿ. ಜೀವಂತ ಕೀಟದಲ್ಲಿ ಈ ದಪ್ಪ ಕೋಶದ ತೂಕವೇ ತೇಲುವಾಗ ರೆಕ್ಕೆ ಪಟಪಟನೆ ಅದುರದಂತೆ ತಡೆಯುತ್ತದೆ.

ಗಾಜು ಕೊಯ್ಯುವ ಕಟರ್‌ನ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಂಚಿನಿಂದ ಅಂಚಿಗೆ ಒಂದೇ ಸಲ ಗೀರಿ. ಗೀರಿನಲ್ಲಿ ಬಿಳಿ ಪುಡಿ ಎದ್ದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಅದೇ ಗೀರಿನ ಮೇಲೆ ಮತ್ತೆ ಹೋದರೆ ಚಕ್ರವೂ ಹಾಳು, ಗಾಜೂ ದಾರಿ ತಪ್ಪಿ ಒಡೆಯುತ್ತದೆ. ಗೀರಿದ ಕೂಡಲೇ ಮುರಿಯಿರಿ. ಅಂಚನ್ನು ನೀರು ಹಾಕಿಯೇ ಸಾಣೆಕಲ್ಲಿಗೆ ಉಜ್ಜಿ. ಒಣ ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕನ್ನಡಕ ಕಡ್ಡಾಯ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಇಲ್ಲವಾದರೆ ಟೇಪ್ ಹಿಡಿಯುವುದಿಲ್ಲ.

ಟೇಪನ್ನು ಅಂಚಿನ ನಟ್ಟನಡುವೆ ಕೂರಿಸಿ, ಎರಡೂ ಬದಿಗೆ 1 ಮಿ.ಮೀ. ಮಡಚಿ, ಪೆನ್ಸಿಲ್‌ನಿಂದ ತಿಕ್ಕಿ. ನಕ್ಷೆಯ ಮೇಲೆ ತುಂಡು ಜೋಡಿಸಿ, ಫ್ಲಕ್ಸ್ ಹಚ್ಚಿ, ಸಂಧಿಗಳಿಗೆ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಗೆರೆ ತುಂಬಿಸಿ. ಐರನ್ ಒಂದೇ ಕಡೆ ನಿಂತರೆ ಗಾಜು ಸೀಳುತ್ತದೆ.

ಇನ್ನು ತಂತಿ. ಬೆಸುಗೆ ಗಾಜಿಗೆ ಅಂಟುವುದಿಲ್ಲ. ಅದು ಹಿಡಿಯುವುದು ಫಾಯಿಲನ್ನು, ಫಾಯಿಲ್ ನಿಂತಿರುವುದು ಬರೀ ಅಂಟಿನ ಮೇಲೆ. ಆದ್ದರಿಂದ ರೆಕ್ಕೆಯ ಭಾರವನ್ನು ಫಾಯಿಲ್ ಮೇಲೆ ಹೊರಿಸಬೇಡಿ. 14 ಗೇಜ್ ತಂತಿಯನ್ನು ವೈಸ್‌ಗೆ ಕಚ್ಚಿಸಿ, ಇಕ್ಕಳದಿಂದ ಎಳೆದು ನೇರ ಮಾಡಿ. ಎಳೆತಕ್ಕೆ ತಂತಿ ಗಡಸೂ ಆಗುತ್ತದೆ. ಅದನ್ನು ಮುಂಚೂಣಿ ಅಂಚಿನುದ್ದಕ್ಕೂ ಬೆಸೆದು, ಬುಡದಲ್ಲಿ 4 ಸೆಂ.ಮೀ. ಬಾಲ ಬಿಡಿ. ಮುಂಚೂಣಿಯ ಕೋಶಗಳ ಸಾಲನ್ನು ಮರದ ಪಟ್ಟಿಯ ಮೇಲೆ ತುಸು ಓರೆಯಾಗಿಟ್ಟು ಉಳಿದ ರೆಕ್ಕೆಗೆ ಬೆಸೆದರೆ ಇನ್ನೂ ಒಳ್ಳೆಯದು. ಕೀಟದ ರೆಕ್ಕೆಯೂ ಚಪ್ಪಟೆಯಲ್ಲ, ನೆರಿಗೆ ನೆರಿಗೆಯಾಗಿದೆ; ಅದರ ಬಿಗುವು ಬರುವುದೇ ಆ ನೆರಿಗೆಯಿಂದ.

ಎದೆಯ ಪೈಪಿನ ಬಾಯಿಗಳಿಗೆ ತಗಡಿನ ಬಿಲ್ಲೆ, ಹಿಂದೆ ಹೊಟ್ಟೆಯ ಪೈಪು, ಎದೆಯಡಿಗೆ ಮುಂದಕ್ಕೆ ಬಾಗಿದ ಆರು ಕಾಲು, ಸ್ಟ್ಯಾಂಡಿನ ಸರಳು ಕೂರಲು ಒಂದು ಕೊಳವೆ: ಇಷ್ಟನ್ನೂ ಏ.ಸಿ. ಮೆಕ್ಯಾನಿಕ್ ಬಳಿ ಬ್ರೇಜಿಂಗ್ (ಹೆಚ್ಚು ಬಿಸಿಯ ಗಟ್ಟಿ ಬೆಸುಗೆ) ಮಾಡಿಸಿ. ಬ್ರೇಜಿಂಗ್ ಲೋಹ ಕರಗುವ ಬಿಸಿ ಬಹಳ ಹೆಚ್ಚು. 60:40 ಸೋಲ್ಡರ್ ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಮುಂದಿನ ಬೆಸುಗೆಗೆ ಈ ಜೋಡಣೆಗಳು ಬಿಚ್ಚುವುದಿಲ್ಲ. ಹೊಟ್ಟೆಗೆ ತಂತಿಯ ಒಂಬತ್ತು ಬಳೆ ಸುತ್ತಿದರೆ ಹತ್ತು ಖಂಡಗಳು ಸಿಗುತ್ತವೆ. ಕಣ್ಣಿಗೆ ಎರಡು ಗೋಲಿ. ಅಂಟು ಬೇಡ, ತಂತಿಯ ಬುಟ್ಟಿಯಲ್ಲಿ ಕೂರಿಸಿ.

ಎದೆಯ ಎರಡೂ ಬದಿಗೆ ಎದುರುಬದುರಾಗಿ 4.5 ಮಿ.ಮೀ.ನ ಎರಡೆರಡು ತೂತು ಕೊರೆದು, ಗಾಜು ಹತ್ತಿರ ಬರುವ ಮೊದಲೇ ಟಾರ್ಚ್‌ನಿಂದ ಕಾಯಿಸಿ ಅಂಚಿಗೆ ಸೋಲ್ಡರ್ ಬಳಿಯಿರಿ. ಎಡ, ಬಲ ರೆಕ್ಕೆಗಳ ಬಾಲಗಳು ಒಳಗೆ ಪಕ್ಕಪಕ್ಕ ಹಾಯ್ದು ಎದುರಿನ ತೂತಿನಲ್ಲಿ ಇಣುಕಬೇಕು. ಗಾಜು ಎದೆಯಿಂದ 1.5 ಸೆಂ.ಮೀ. ದೂರವಿರಲಿ. ಈಗ ಐರನ್ ಮಾತ್ರ ಬಳಸಿ ಎರಡೂ ಗೋಡೆಗೆ ಬೆಸೆಯಿರಿ. ಬೆಸುಗೆ ತಣಿಯುವ ತನಕ ರೆಕ್ಕೆಗಳಡಿ ಪುಸ್ತಕ ಪೇರಿಸಿಡಿ.

ಸೋಲ್ಡರಿನಲ್ಲಿ ಸೀಸವಿದೆ: ಕಿಟಕಿ ತೆರೆದಿಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಮಕ್ಕಳನ್ನು ದೂರವಿಡಿ. ಕೊನೆಗೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ, ಬಳಿಕ ಸೋಪಿನಲ್ಲಿ ಮೃದು ಬ್ರಷ್ ಹಾಕಿ ತೊಳೆಯಿರಿ. ಫ್ಲಕ್ಸ್ ಉಳಿದರೆ ಕೆಲವೇ ದಿನಗಳಲ್ಲಿ ಬೆಸುಗೆಯ ಮೇಲೆ ಬಿಳಿ ಹುಡಿ ಏಳುತ್ತದೆ. ಬೆಳ್ಳಿಬಣ್ಣ ಬೇಡವೆಂದರೆ ಕೈಗವಸು ಹಾಕಿಕೊಂಡು ಮೈಲುತುತ್ತದ ದ್ರಾವಣ ಹಚ್ಚಿ; ಗೆರೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ಮತ್ತೆ ತೊಳೆದು, ಒಣಗಿಸಿ, ಮೇಣ ಸವರಿ.